ಕಾಫಿ ಬೀಜ, ಬೀಜಗಣಿತ

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ನಿನ ಮೋಕಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ಕಾಫಿ ಎಂಬ ಮಾತಿನ ಮೂಲ ಅರಬಿಯ 'ಕಹ್ವಾ'. ಆಲ್ಜೀಬ್ರಾದ ಮೂಲವೂ ಅರಬಿಯೇ. ಸುಮಾರು 820ರಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಗ್ರಂಥದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಅದು. ಈ ಎರಡೂ ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಒಂದನ್ನೊಂದು ಸಂಧಿಸುತ್ತವೆ.

ಇಳಿಜಾರಿನ ತೋಟದಲ್ಲಿ ಕಾಫಿ ಗಿಡಗಳನ್ನು ಒಂದೇ ಎತ್ತರದಲ್ಲಿ ಸಾಗುವ ಸಾಲುಗಳಲ್ಲಿ ನೆಡುತ್ತಾರೆ. ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುತ್ತಾರೆ. ಈ ತೋಟದ ನಕ್ಷೆಯನ್ನು ಕಾಗದದ ಮೇಲೆ ಬರೆಯೋಣ. ಪೂರ್ವಕ್ಕೆ 10 ಅಡಿ ಹೋದಾಗ ಉತ್ತರಕ್ಕೆ 5 ಅಡಿ ಸರಿಯುವ ಸಾಲಿನ ಓರೆ 5/10, ಅಂದರೆ 1/2. ಅದಕ್ಕೆ ಸಮಾಂತರವಾದ ಪ್ರತಿಯೊಂದು ಸಾಲಿನ ಓರೆಯೂ 1/2. ಓರೆ ಒಂದೇ ಆಗಿದ್ದರೆ ಸಾಲುಗಳು ಎಂದೂ ಕೂಡುವುದಿಲ್ಲ.

ಮಳೆನೀರು ಈ ಸಾಲಿಗೆ ಲಂಬವಾಗಿ ಧಾವಿಸುತ್ತದೆ. ಸಾಲನ್ನು ಕಾಲು ಸುತ್ತು ತಿರುಗಿಸಿದರೆ ಅಂಕಿಗಳು ಅದಲುಬದಲಾಗುತ್ತವೆ: ಪಶ್ಚಿಮಕ್ಕೆ 5, ಉತ್ತರಕ್ಕೆ 10. ಪಶ್ಚಿಮವನ್ನು ಋಣವೆಂದು ಎಣಿಸುವುದರಿಂದ ನೀರಿನ ದಾರಿಯ ಓರೆ −2. ಎರಡನ್ನೂ ಗುಣಿಸಿದರೆ −1. ನೆಟ್ಟಗೆ ಉತ್ತರ ದಕ್ಷಿಣವಾಗಿರುವ ರೇಖೆಗೆ ಮಾತ್ರ ಓರೆಯ ಅಂಕಿ ಇಲ್ಲ. ಉಳಿದ ಎಲ್ಲ ಲಂಬ ಜೋಡಿಗಳಿಗೂ ಇದೇ ನಿಯಮ. ಗುಡ್ಡ ಬಳಸಿದಂತೆ ಸಾಲು ಬಾಗಿದರೂ ಆಯಾ ಸ್ಥಳದಲ್ಲಿ ಈ ಮಾತು ನಿಲ್ಲುತ್ತದೆ.

ಈ ಸಣ್ಣ ಲೆಕ್ಕ ಯಾರೊಬ್ಬರ ಸ್ವತ್ತೂ ಅಲ್ಲ. ಋಣಸಂಖ್ಯೆಗಳ ಗುಣಾಕಾರಕ್ಕೆ 628ರಲ್ಲೇ ನಿಯಮ ಬರೆದವನು ಬ್ರಹ್ಮಗುಪ್ತ. ಸಮೀಕರಣ ಬಿಡಿಸುವ ಕ್ರಮವನ್ನು ಶಾಸ್ತ್ರವಾಗಿ ಅಣಿಗೊಳಿಸಿದವನು ಅಲ್ ಖ್ವಾರಿಝ್ಮಿ. ಸಮಾಂತರ ರೇಖೆಗಳ ಕುರಿತ ಯೂಕ್ಲಿಡನ ಮಾತನ್ನು ಒರೆಗೆ ಹಚ್ಚಿದವನು ಕವಿಯೆಂದೇ ನಾವು ಬಲ್ಲ ಉಮರ್ ಖಯ್ಯಾಮ್. ರೇಖೆಯನ್ನು ಬೀಜಗಣಿತಕ್ಕೆ ಬೆಸೆದ ಗ್ರಂಥವನ್ನು ಫ್ರಾನ್ಸಿನ ದೆಕಾರ್ತ್ 1637ರಲ್ಲಿ ಪ್ರಕಟಿಸಿದ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಮಣ್ಣುಪಾಲಾದವು. ಅಂಥ ಕುಸಿತಕ್ಕೆ ಕಾರಣಗಳು ಹಲವು. ಗಿಡ ನೆಡುವ ಕ್ರಮವೊಂದರಿಂದಲೇ ಅದನ್ನು ತಡೆಯಲಾಗದು. ಆದರೆ ಪ್ರತಿ ಮಳೆಗಾಲವೂ ಸದ್ದಿಲ್ಲದೆ ಹಳ್ಳ ಸೇರುವ ಮೇಲ್ಮಣ್ಣಿನ ಮಾತು ಬೇರೆ. ಇಳಿಜಾರಿಗೆ ನೇರವಾಗಿ ಸಾಲು ಹಿಡಿದರೆ ಅದೇ ನೀರಿಗೆ ಕಾಲುವೆ. ಅಡ್ಡಲಾಗಿ ಹಿಡಿದರೆ ನೀರು ತಡೆದು ಇಂಗುತ್ತದೆ. ಈ ಲೆಕ್ಕದಿಂದ ಏನು ಪ್ರಯೋಜನವೆಂದು ಕಳಸದ ಮಗುವೊಂದು ಕೇಳಿದರೆ, ಮೇಷ್ಟರು ಕಿಟಕಿಯಾಚೆಯ ತೋಟವನ್ನು ತೋರಿಸಲಿ.