‘ರೆಜೆಕ್ಸ್ ನಡೆಯುತ್ತದೆ’ ಎಂದರೆ ಯಾವ ರೆಜೆಕ್ಸ್?

ಒಂದು ತಾಲ್ಲೂಕಿನ ಆರು ವರ್ಷದ ಕಾಮಗಾರಿ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದಿದ್ದೆವು. ಅದನ್ನು ಯೂನಿಕೋಡ್ ಪಠ್ಯಕ್ಕೆ ತರುವುದರಲ್ಲೇ ಎರಡು ವಾರ ಹೋಯಿತು. (ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತದಲ್ಲಿ ಕನ್ನಡ ಪದ ಹುಡುಕಿದರೆ ಏನೂ ಸಿಗುವುದಿಲ್ಲ ಎಂಬುದು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆ ಗೋಳು ಇನ್ನೊಮ್ಮೆ.) ನಮಗೆ ಬೇಕಿದ್ದದ್ದು ಒಂದೇ: ಕೆರೆಗೋ ಕಟ್ಟೆಗೋ ಎಷ್ಟು ಕಾಮಗಾರಿ ಆಗಿವೆ? ಲಿನಕ್ಸ್‌ನ ಗ್ರೆಪ್ ಎಂಬ ಹುಡುಕಾಟದ ಸಾಧನಕ್ಕೆ ‘ಕೆರೆ|ಕಟ್ಟೆ’ ಎಂದು ಕೊಟ್ಟೆವು. ನಡುವಿನ ನಿಲುಗೆರೆಗೆ ‘ಅಥವಾ’ ಎಂಬ ಅರ್ಥವಿದೆ ಎಂದು ತರಬೇತಿಯಲ್ಲಿ ಕಲಿತಿದ್ದೆವು. ಪರದೆಯ ಮೇಲೆ ಒಂದು ಸಾಲೂ ಬರಲಿಲ್ಲ. ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ.

‘ಆರು ವರ್ಷದಲ್ಲಿ ಒಂದೂ ಕೆರೆ ಕಾಮಗಾರಿ ಇಲ್ಲ’ ಎಂದು ಸುದ್ದಿಯ ಮೊದಲ ವಾಕ್ಯ ಬರೆದೂ ಆಗಿತ್ತು. ನಮ್ಮಲ್ಲೊಬ್ಬರು ಯಾವುದಕ್ಕೂ ಇರಲಿ ಎಂದು ಕಡತ ತೆರೆದು ನೋಡಿದರೆ, ಮೊದಲ ಪುಟದಲ್ಲೇ ‘ಕೆರೆ ಹೂಳೆತ್ತುವುದು’ ಎಂದಿದೆ! ಗ್ರೆಪ್ ಸುಳ್ಳು ಹೇಳಿರಲಿಲ್ಲ. ‘ಕೆರೆ’, ಒಂದು ನಿಲುಗೆರೆ, ‘ಕಟ್ಟೆ’, ಈ ಮೂರೂ ಹೀಗೇ ಸಾಲಾಗಿ ಅಂಟಿಕೊಂಡಿರುವ ಬರಹ ಎಲ್ಲಿದೆ ಎಂದು ನಾವು ಕೇಳಿದ್ದೆವು ಎಂದು ಅದು ತಿಳಿದುಕೊಂಡಿತ್ತು. ಅಂಥದ್ದು ಎಲ್ಲೂ ಇರಲಿಲ್ಲ.

ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎಪ್ಪತ್ತು ವರ್ಷಕ್ಕೂ ಹಿಂದಿನ ಕತೆ. ರೆಗ್ಯುಲರ್ ಎಕ್ಸ್‌ಪ್ರೆಶನ್, ಚಿಕ್ಕದಾಗಿ ರೆಜೆಕ್ಸ್, ಒಂದೇ ಭಾಷೆ ಎಂದುಕೊಂಡಿದ್ದೆವು. ಅದರಲ್ಲಿ ಧಾರವಾಡ, ಮಂಗಳೂರು, ಚಾಮರಾಜನಗರ ಎಲ್ಲ ಇವೆ. ಇಂಗ್ಲಿಷಿನವರು ಇವುಗಳನ್ನು ಫ್ಲೇವರ್ ಅನ್ನುತ್ತಾರೆ. ನಾವು ರುಚಿ ಅನ್ನೋಣ.

ಮೂಲದಲ್ಲಿ ಇದು ಕಂಪ್ಯೂಟರಿನ ವಿಷಯವೇ ಅಲ್ಲ. 1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬಿಬ್ಬರು ಮೆದುಳಿನ ನರಕೋಶಗಳ ಜಾಲವನ್ನು ಗಣಿತದಲ್ಲಿ ವಿವರಿಸಲು ಹೊರಟರು. ಅದನ್ನು ಓದಿದ ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೀನಿ, 1951ರಲ್ಲಿ ರ‍್ಯಾಂಡ್ ಸಂಸ್ಥೆಗಾಗಿ ಒಂದು ಟಿಪ್ಪಣಿ ಬರೆದರು. ಇಂಥ ಜಾಲ ಯಾವ ಯಾವ ಘಟನೆಗಳ ಸರಣಿಯನ್ನು ಗುರುತಿಸಬಲ್ಲದು ಎಂಬುದು ಅವರ ಪ್ರಶ್ನೆ. ಅದಕ್ಕೆ ಮೂರೇ ಕ್ರಿಯೆ ಸಾಕು ಎಂದು ತೋರಿಸಿದರು: ಒಂದಾದ ಮೇಲೆ ಒಂದು, ಇದು ಅಥವಾ ಅದು, ಎಷ್ಟು ಸಲವಾದರೂ. ಕೊನೆಯದಕ್ಕೆ ನಕ್ಷತ್ರದ ಗುರುತು. 1956ರಲ್ಲಿ ಅದು ಅಚ್ಚಾಯಿತು. ಇವಕ್ಕೆ ‘ರೆಗ್ಯುಲರ್’ ಎಂದು ಹೆಸರಿಟ್ಟ ಕ್ಲೀನಿ, ಇದಕ್ಕಿಂತ ಒಳ್ಳೆಯ ಹೆಸರಿದ್ದರೆ ತಿಳಿಸಿ ಎಂದು ಓದುಗರನ್ನೂ ಕೇಳಿಕೊಂಡಿದ್ದರು. ಯಾರೂ ತಿಳಿಸಿದಂತಿಲ್ಲ.

ಗಣಿತದ ಈ ಬರಹ ಬೆರಳಚ್ಚಿಗೆ ಇಳಿದದ್ದು ಕೆನ್ ಥಾಂಪ್ಸನ್ ಕೈಯಲ್ಲಿ. ಅವರು ಅದನ್ನು ಕ್ಯೂಇಡಿ ಎಂಬ ಪಠ್ಯ ತಿದ್ದುಪಡಿ ತಂತ್ರಾಂಶಕ್ಕೆ ಸೇರಿಸಿದರು. ಕೊಟ್ಟ ಮಾದರಿಯನ್ನು ಐಬಿಎಂ 7094 ಯಂತ್ರದ ಆದೇಶಗಳನ್ನಾಗಿ ಬದಲಿಸುವ ತಮ್ಮ ವಿಧಾನವನ್ನು 1968ರಲ್ಲಿ ಪ್ರಕಟಿಸಿದರು. ಆಮೇಲೆ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಕಟ್ಟುವಾಗ ಇದ್ದದ್ದು ಸಣ್ಣ ಯಂತ್ರ. ಅದಕ್ಕೆಂದು ಬರೆದ ಇಡಿ ಎಂಬ ಪುಟ್ಟ ಎಡಿಟರಿನಲ್ಲಿ ರೆಜೆಕ್ಸ್ ಇತ್ತು, ಆದರೆ ‘ಅಥವಾ’ ಇರಲಿಲ್ಲ. ಕ್ಲೀನಿಯವರ ಮೂರು ಕ್ರಿಯೆಗಳಲ್ಲಿ ಒಂದನ್ನು ಅಲ್ಲೇ ಬಿಟ್ಟುಕೊಟ್ಟಿದ್ದರು. ನಮ್ಮ ಕೆರೆಗಳು ಕಾಣೆಯಾದದ್ದರ ಮೂಲ ಅಲ್ಲಿದೆ.

ಗ್ರೆಪ್ ಹುಟ್ಟಿದ ಕತೆ ಪತ್ರಕರ್ತರು ಕೇಳಲೇಬೇಕಾದದ್ದು. 1787-88ರಲ್ಲಿ ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ ಲೇಖನಗಳು ಬಂದವು. ಆ ಸರಣಿಯಲ್ಲಿ ಒಟ್ಟು 85 ಲೇಖನ. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ. ಯಾವುದು ಯಾರದ್ದು ಎಂದು ಪದಬಳಕೆಯಿಂದ ಪತ್ತೆಹಚ್ಚಲು ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಾಹನ್ ಹೊರಟಿದ್ದರು. ಆ ಪಠ್ಯ ಇಡಿ ಎಡಿಟರಿನ ಹೊಟ್ಟೆಗೆ ಹಿಡಿಸಲಿಲ್ಲ. ಹಾಗಾಗಿ ಥಾಂಪ್ಸನ್ ಎಡಿಟರಿನಿಂದ ಹುಡುಕುವ ಭಾಗವನ್ನಷ್ಟೇ ಕಿತ್ತು ಪ್ರತ್ಯೇಕ ಸಾಧನ ಮಾಡಿಕೊಟ್ಟರು ಎಂದು ಬ್ರಯಾನ್ ಕರ್ನಿಘನ್ ಹೇಳುತ್ತಾರೆ. ‘ಎಲ್ಲ ಕಡೆ ಈ ಮಾದರಿಯನ್ನು ಹುಡುಕಿ ಮುದ್ರಿಸು’ ಎಂಬ ಇಡಿ ಆದೇಶದ ಅಕ್ಷರಗಳೇ ಸೇರಿ ‘ಗ್ರೆಪ್’ ಆಯಿತು. 1973ರ ಯೂನಿಕ್ಸ್ ಕೈಪಿಡಿಯಲ್ಲಿ ಅದು ಕಾಣಿಸಿಕೊಂಡಿತು. ಇಡಿಯ ಕೊರತೆಯೂ ಅದರ ಜೊತೆಗೇ ಬಂತು.

ಆ ಕೊರತೆ ತುಂಬಿದವರು ಆಲ್ಫ್ರೆಡ್ ಆಹೊ. ಅವರ ಇಗ್ರೆಪ್‌ನಲ್ಲಿ ನಿಲುಗೆರೆ, ಕೂಡಿಸುವ ಗುರುತು, ಪ್ರಶ್ನೆ ಗುರುತು, ಆವರಣ ಎಲ್ಲಕ್ಕೂ ವಿಶೇಷ ಅರ್ಥ. 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಅದು ಎಲ್ಲರಿಗೂ ಸಿಕ್ಕಿತು. ಹಾಗಾದರೆ ಹಳೆಯ ಗ್ರೆಪ್ಪನ್ನೇ ತಿದ್ದಬಹುದಿತ್ತಲ್ಲ? ತಿದ್ದಿದ್ದರೆ ನಿಲುಗೆರೆಯನ್ನು ಬರೀ ನಿಲುಗೆರೆ ಎಂದು ನಂಬಿ ಬರೆದಿದ್ದ ಹಳೆಯ ಆದೇಶಗಳೆಲ್ಲ ಕೆಡುತ್ತಿದ್ದವು. ಎರಡೂ ಉಳಿದವು. ಅದೂ ಎಂಥ ಎಡವಟ್ಟಿನ ಜೋಡಿ ಎಂದರೆ, ಹಳೆಯದರಲ್ಲಿ ಆವರಣಕ್ಕೆ ವಿಶೇಷ ಅರ್ಥ ಬರಬೇಕಾದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು, ಹೊಸದರಲ್ಲಿ ಆ ಅರ್ಥ ಹೋಗಬೇಕಾದರೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಪೂರ್ತಿ ತಿರುಗುಮುರುಗು.

ಜಗಳ ಬಿಡಿಸಬೇಕಾದ ಸ್ಥಾನದಲ್ಲಿದ್ದದ್ದು ಪೋಸಿಕ್ಸ್ ಮಾನದಂಡ. 1992ರಲ್ಲಿ ಬಂದ ಅದು ಎರಡನ್ನೂ ಒಪ್ಪಿಕೊಂಡು, ಒಂದನ್ನು ಬೇಸಿಕ್, ಇನ್ನೊಂದನ್ನು ಎಕ್ಸ್‌ಟೆಂಡೆಡ್ ಎಂದು ಕರೆದು ಕೈತೊಳೆದುಕೊಂಡಿತು. ಆಸ್ತಿ ವ್ಯಾಜ್ಯದಲ್ಲಿ ಇಬ್ಬರಿಗೂ ಖಾತೆ ಮಾಡಿಕೊಟ್ಟ ಹಾಗೆ.

ಅಷ್ಟರಲ್ಲಿ ಮೂರನೆಯ ಮನೆಯವರು ಬೆಳೆದಿದ್ದರು. 1986ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಹೆನ್ರಿ ಸ್ಪೆನ್ಸರ್ ಒಂದು ರೆಜೆಕ್ಸ್ ಲೈಬ್ರರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಲ್ಯಾರಿ ವಾಲ್ ತಮ್ಮ ಪರ್ಲ್ ಭಾಷೆಯ ಎರಡನೇ ಆವೃತ್ತಿಗೆ 1988ರಲ್ಲಿ ಅದನ್ನೇ ಆಧಾರ ಮಾಡಿಕೊಂಡರು. 1994ರ ಐದನೇ ಆವೃತ್ತಿಯ ಹೊತ್ತಿಗೆ ಮುಂದೇನಿದೆ ಎಂದು ಇಣುಕಿ ನೋಡುವುದು, ಆದಷ್ಟು ಕಡಿಮೆ ಅಕ್ಷರ ತೆಗೆದುಕೊಳ್ಳುವುದು ಇವೆಲ್ಲ ಬಂದವು. ಜನರಿಗೆ ಇಷ್ಟವಾಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಝಲ್ 1997ರಲ್ಲಿ ಎಕ್ಸಿಮ್ ಎಂಬ ಮೇಲ್ ತಂತ್ರಾಂಶಕ್ಕಾಗಿ ‘ಪರ್ಲ್‌ಗೆ ಹೊಂದುವ’ ಲೈಬ್ರರಿ ಬರೆದರು. ಅದೇ ಪಿಸಿಆರ್‌ಇ. ಪಿಎಚ್‌ಪಿ ಸೇರಿ ಹತ್ತಾರು ಕಡೆ ಅದು ನುಗ್ಗಿತು. ಹೆಸರಲ್ಲಿ ಹೊಂದಾಣಿಕೆ ಇದ್ದರೂ ಪರ್ಲ್‌ಗೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸ ಇದ್ದೇ ಇದೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಒಂದೊಂದೂ ಪರ್ಲ್ ಕಡೆ ನೋಡಿ ತಮ್ಮ ತಮ್ಮ ಅಡುಗೆ ಮಾಡಿಕೊಂಡವು.

ಪರ್ಲ್ ರುಚಿಗೆ ಬೆಲೆಯೂ ತೆರಬೇಕಾಗುತ್ತದೆ. ಹೊಂದಾಣಿಕೆ ಸಿಗದಿದ್ದರೆ ಹಿಂದಕ್ಕೆ ಬಂದು ಇನ್ನೊಂದು ದಾರಿ ಹಿಡಿಯುವುದು ಅದರ ಕ್ರಮ. ಕೆಲವು ಮಾದರಿಗಳಲ್ಲಿ ದಾರಿಗಳು ಲೆಕ್ಕವಿಲ್ಲದಷ್ಟಾಗುತ್ತವೆ. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ ತಾಣ 34 ನಿಮಿಷ ನಿಂತಿತು. ಒಂದು ಬರಹದಲ್ಲಿ ಸುಮಾರು 20,000 ಖಾಲಿ ಜಾಗಗಳು ಸಾಲಾಗಿದ್ದವು, ಅವನ್ನು ಕತ್ತರಿಸಲು ಹೋದ ರೆಜೆಕ್ಸ್ ಅಲ್ಲೇ ಸಿಕ್ಕಿಬಿತ್ತು. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಇದೇ ಬಗೆಯ ತಪ್ಪಿನಿಂದ 27 ನಿಮಿಷ ಕುಸಿಯಿತು. ಥಾಂಪ್ಸನ್ ಅವರ 1968ರ ವಿಧಾನದಲ್ಲಿ ಈ ತೊಂದರೆಯೇ ಇರಲಿಲ್ಲ ಎಂದು ರಸ್ ಕಾಕ್ಸ್ 2007ರಲ್ಲಿ ಬರೆದು ತೋರಿಸಿದ್ದರು. ಅವರ ಆರ್‌ಇ2 ಲೈಬ್ರರಿ ಆ ಹಳೆಯ ದಾರಿಗೇ ಮರಳಿತು. ಪ್ರತಿಯಾಗಿ ಮುಂದೆ ಇಣುಕುವಂಥ ಕೆಲವು ಸೌಲಭ್ಯಗಳನ್ನು ಕೈಬಿಟ್ಟಿತು. ಗೋ ಭಾಷೆಯದ್ದೂ ಅದೇ ರುಚಿ.

ಮತ್ತೆ ನಮ್ಮ ಪಟ್ಟಿಗೆ ಬರೋಣ. ಈಗ ಲಿನಕ್ಸ್‌ನಲ್ಲಿ ಸಿಗುವ ಗ್ನೂ ಗ್ರೆಪ್ ತನ್ನ ಕೈಪಿಡಿಯಲ್ಲಿ ಬೇಸಿಕ್, ಎಕ್ಸ್‌ಟೆಂಡೆಡ್, ಪರ್ಲ್ ಎಂಬ ಮೂರು ರುಚಿಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಏನೂ ಹೇಳದಿದ್ದರೆ ಬೇಸಿಕ್. ದೊಡ್ಡ ‘ಇ’ ಆಯ್ಕೆ ಕೊಟ್ಟರೆ ಎಕ್ಸ್‌ಟೆಂಡೆಡ್, ದೊಡ್ಡ ‘ಪಿ’ ಕೊಟ್ಟರೆ ಪರ್ಲ್. ನಾವು ಆ ‘ಇ’ ಕೊಟ್ಟಿರಲಿಲ್ಲ, ಅಷ್ಟೇ. ಕೊಟ್ಟಾಗ ಕೆರೆಗಳು ಪರದೆ ತುಂಬಿದವು.

ಅಲ್ಲಿಗೇ ಮುಗಿಯಲಿಲ್ಲ. ‘ಕೆರೆ’ ಎಂದು ಹುಡುಕಿದರೆ ಕೆರೆಹಳ್ಳಿ, ಕೆರೆಕೋಡಿ ಎಂಬಂಥ ಊರ ಹೆಸರುಗಳೂ ಬರುತ್ತವೆ. ಬಿಡಿ ಪದ ‘ಕೆರೆ’ ಮಾತ್ರ ಬೇಕಿತ್ತು. ಅದಕ್ಕೆ ಪೈಥಾನ್ ಹಿಡಿದು, ಪದದ ಎರಡೂ ಕಡೆ ‘ಪದದ ಗಡಿ’ ಎಂಬ ಗುರುತು ಹಾಕಿದೆವು. ಫಲಿತಾಂಶ ತಲೆಕೆಳಗು. ಬಿಡಿ ‘ಕೆರೆ’ ಒಂದೂ ಸಿಗಲಿಲ್ಲ, ಬೇಡವೆಂದಿದ್ದ ‘ಕೆರೆಹಳ್ಳಿ’ ಸಿಕ್ಕಿತು!

ಇಲ್ಲಿ ಕನ್ನಡದ ಬರವಣಿಗೆಯೇ ಕಾರಣ. ಯೂನಿಕೋಡ್‌ನಲ್ಲಿ ‘ಕೆರೆ’ ಎಂದರೆ ಕ, ಎತ್ವ, ರ, ಎತ್ವ ಎಂಬ ನಾಲ್ಕು ಸಂಕೇತ. ಪೈಥಾನ್ ಜೊತೆಗೇ ಬರುವ ರೆಜೆಕ್ಸ್‌ನ ಪಾಲಿಗೆ ಕ ಮತ್ತು ರ ಪದದ ಅಕ್ಷರಗಳು, ಎತ್ವ ಅಲ್ಲ. ಕೊಂಬು, ದೀರ್ಘ, ಅರ್ಧಾಕ್ಷರದ ಗುರುತು ಯಾವುದೂ ಅಲ್ಲ. ‘ಕನ್ನಡ’ ಎಂಬ ಪದವನ್ನು ಕೊಟ್ಟು ಇದರಲ್ಲಿರುವ ಪದಗಳನ್ನು ತೆಗೆ ಎಂದರೆ ‘ಕನ’, ‘ನಡ’ ಎಂದು ಎರಡು ತುಂಡು ಕೊಡುತ್ತದೆ. ‘ಕೆರೆ’ಯ ಕೊನೆಯ ಎತ್ವದ ನಂತರ ಖಾಲಿ ಜಾಗ ಬಂದರೆ ಎರಡೂ ‘ಪದವಲ್ಲದ್ದು’, ಆದ್ದರಿಂದ ಗಡಿಯಿಲ್ಲ. ಮುಂದೆ ‘ಹ’ ಬಂದರೆ ಅದು ಪದದ ಅಕ್ಷರ, ಆದ್ದರಿಂದ ಗಡಿಯಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೂ ಕಷ್ಟ, ಅದರ ‘ಪದದ ಅಕ್ಷರ’ ಎಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. ಪರ್ಲ್ ಮಾತ್ರ ಸ್ವರಚಿಹ್ನೆಗಳನ್ನೂ ಪದದ ಭಾಗವೆಂದೇ ಎಣಿಸುತ್ತದೆ. ಅಲ್ಲಿ ‘ಕನ್ನಡ’ ಇಡಿಯಾಗಿ ಬರುತ್ತದೆ. ಪರ್ಲ್ ಹಳೆಯದಾಯಿತು ಎಂದು ನಗುವವರ ಮುಂದೆ ನಾವಂತೂ ಇದನ್ನು ಹೇಳುತ್ತೇವೆ.

ಅಂದರೆ ‘ಈ ಸಾಧನದಲ್ಲಿ ರೆಜೆಕ್ಸ್ ನಡೆಯುತ್ತದೆ’ ಎಂಬ ಒಂದು ಸಾಲಿನಿಂದ ನಮ್ಮಂಥವರಿಗೆ ಏನೂ ತಿಳಿಯುವುದಿಲ್ಲ. ಯಾವ ರುಚಿ, ಸ್ವರಚಿಹ್ನೆಯನ್ನು ಅಕ್ಷರ ಎನ್ನುತ್ತದೋ ಇಲ್ಲವೋ, ಎರಡನ್ನೂ ಹೇಳಬೇಕು. ಸಾಧನಗಳೂ ನಿಧಾನಕ್ಕೆ ಬಾಯಿ ಬಿಡುತ್ತಿವೆ. 2022ರಲ್ಲಿ ಬಂದ ಗ್ನೂ ಗ್ರೆಪ್ 3.8 ಆವೃತ್ತಿ, ಅರ್ಥವಿಲ್ಲದ ಕಡೆ ಬ್ಯಾಕ್‌ಸ್ಲ್ಯಾಶ್ ಹಾಕಿದರೆ ಎಚ್ಚರಿಸುತ್ತದೆ. ಇಗ್ರೆಪ್ ಎಂದು ಕರೆದರೆ, ಅದು ಹಳತಾಯಿತು, ‘ಇ’ ಆಯ್ಕೆ ಬಳಸಿ ಎನ್ನುತ್ತದೆ. ಬೇಸಿಕ್‌ನಲ್ಲಿ ಬರೀ ನಿಲುಗೆರೆ ಹಾಕಿದರೆ ಮಾತ್ರ ಈಗಲೂ ಸುಮ್ಮನಿರುತ್ತದೆ. ಅದು ತಪ್ಪಲ್ಲವಲ್ಲ.

ಪಟ್ಟಿಯನ್ನು ಕೊನೆಗೆ ಎರಡು ಸಲ ಹುಡುಕಿದೆವು. ಒಮ್ಮೆ ಎಕ್ಸ್‌ಟೆಂಡೆಡ್ ಗ್ರೆಪ್‌ನಲ್ಲಿ, ಇನ್ನೊಮ್ಮೆ ಪರ್ಲ್‌ನಲ್ಲಿ. ಎರಡರ ನಡುವೆ ವ್ಯತ್ಯಾಸ ಬಂದ ಸಾಲುಗಳನ್ನು ಕಣ್ಣಲ್ಲೇ ಓದಿದೆವು. ಕೆರೆಗೆ ಕಾಮಗಾರಿ ಇದ್ದವು, ಆದರೆ ಹೆಚ್ಚಿನವು ಏರಿ ಮೇಲಿನ ರಸ್ತೆಗೆ. ಸುದ್ದಿ ಹಾಗೆಯೇ ಅಚ್ಚಾಯಿತು.