ಕ್ಯಾನ್ಸರಿನ ಬೀಜಕ್ಕೆ ಒಗ್ಗುವ ನೆಲ

ಚರ್ಮದಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ಅಲ್ಲೇ ಉಳಿದರೆ ಸಾಮಾನ್ಯವಾಗಿ ಕತ್ತರಿಸಿ ತೆಗೆಯಬಹುದು. ಅದು ಪ್ರಾಣಕ್ಕೆ ಎರವಾಗುವುದು ಶ್ವಾಸಕೋಶ, ಮಿದುಳುಗಳಿಗೆ ಹರಡಿದಾಗ. ಹರಡುವ ಕೋಶ ನೆಲೆಯೂರಲು ಜಾಗ ಆರಿಸಿಕೊಳ್ಳುತ್ತದೆಯೇ? ಈ ಪ್ರಶ್ನೆ ಶತಮಾನಕ್ಕೂ ಹಳೆಯದು.

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್, ಸ್ತನ ಕ್ಯಾನ್ಸರಿನಿಂದ ಸತ್ತ 735 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ. ರೋಗ ಯಕೃತ್ತಿಗೆ ಪದೇ ಪದೇ ಹರಡಿತ್ತು, ಗುಲ್ಮಕ್ಕೆ ಅಪರೂಪವಾಗಿ. ಬೀಜ ಎಲ್ಲೆಡೆ ತೂರಿಹೋದರೂ ಒಗ್ಗುವ ನೆಲದಲ್ಲಷ್ಟೇ ಮೊಳೆಯುತ್ತದೆ ಎಂಬುದು ಆತನ ತೀರ್ಮಾನ. ಆದರೆ ರಕ್ತ ಹರಿದತ್ತ ಕೋಶ ಸಾಗುತ್ತದೆ, ಸಿಕ್ಕಿಕೊಂಡಲ್ಲಿ ಬೆಳೆಯುತ್ತದೆ ಎಂದು ಅಮೆರಿಕದ ಜೇಮ್ಸ್ ಯೂಯಿಂಗ್ ಮುಂದೆ ವಾದಿಸಿದ. ದಶಕಗಳ ಕಾಲ ಆ ವಾದದ್ದೇ ಮೇಲುಗೈ.

1980ರಲ್ಲಿ ತಕ್ಕಡಿ ಪೇಜೆಟ್‌ನತ್ತ ವಾಲಿತು. ಇಯಾನ್ ಹಾರ್ಟ್ ಮತ್ತು ಐಸಾಯ ಫಿಡ್ಲರ್ ಇಲಿಗಳ ಮೈಯಲ್ಲಿ ಬೇರೆಡೆ ಶ್ವಾಸಕೋಶ, ಮೂತ್ರಪಿಂಡಗಳ ಚೂರುಗಳನ್ನು ಕಸಿಮಾಡಿ, ರಕ್ತಕ್ಕೆ ಮೆಲನೋಮ ಕೋಶಗಳನ್ನು ಬಿಟ್ಟರು. ಶ್ವಾಸಕೋಶದ ಚೂರಿನಲ್ಲಿ ಗಂತಿ ಬೆಳೆಯಿತು; ಮೂತ್ರಪಿಂಡದ ಚೂರಿನಲ್ಲಿ ಬೆಳೆಯಲಿಲ್ಲ.

ಹಾಗಾದರೆ ಒಗ್ಗುವ ನೆಲವನ್ನು ಕೋಶ ಗುರುತಿಸುವುದು ಹೇಗೆ? ಉತ್ತರದ ಒಂದು ಭಾಗ 2001ರಲ್ಲಿ ಸಿಕ್ಕಿತು. ಅಂಗಗಳು ಕೀಮೋಕೈನ್ ಎಂಬ ಸಂಕೇತ ಪ್ರೋಟೀನುಗಳನ್ನು ಸ್ರವಿಸುತ್ತವೆ. ಬಿಳಿ ರಕ್ತಕಣಗಳು ತಮ್ಮ ಹೊರಮೈಯ ಗ್ರಾಹಕಗಳಿಂದ ಅವನ್ನು ಗುರುತಿಸಿ ಅಂಗಗಳನ್ನು ಸೇರುತ್ತವೆ. ಮೆಲನೋಮ ಕೋಶಗಳಲ್ಲೂ ಅಂಥ ಗ್ರಾಹಕಗಳೇ ಹೇರಳವಾಗಿ ಕಂಡವು. ಸಿಸಿಆರ್-7 ಓಗೊಡುವುದು ದುಗ್ಧಗ್ರಂಥಿಯ ಕರೆಗೆ. ಸಿಸಿಆರ್-10 ಚರ್ಮದ ಕರೆಗೆ. ಸಂಕೇತ ತಾಗಿದೊಡನೆ ಒಳಗಿನ ಪ್ರೋಟೀನುಗಳು ಒಂದನ್ನೊಂದು ಎಚ್ಚರಿಸುತ್ತವೆ. ಕೋಶ ಆ ದಿಕ್ಕಿಗೆ ತೆವಳುತ್ತದೆ.

ದೇಹವನ್ನು ಕಾಯುವ ಕಣಗಳಿಗಿದ್ದ ದಾರಿಯಲ್ಲೇ ಕೊಲ್ಲುವ ಕೋಶವೂ ನಡೆಯುತ್ತದೆ. ಅದನ್ನು ತಡೆಯುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.