ಘಾಟಿ ಕೇಳುವುದು ಎಳೆತವನ್ನು

ಶನಿವಾರ ಬೆಳಿಗ್ಗೆ ಬಾನೆಟ್ ಎತ್ತಿ ಭಾನುವಾರ ಸಂಜೆಯೊಳಗೆ ಟರ್ಬೊ ಕಾರಿನ ಶಕ್ತಿ ಹೆಚ್ಚಿಸಿಕೊಳ್ಳುವುದು ಪಟ್ಟಣದ ಹೊಸ ಹವ್ಯಾಸ ಎಂಬ ಭಾವನೆ ನಮ್ಮಲ್ಲಿದೆ. ಮಲೆನಾಡಿನ ಅರಳಸುರಳಿಯಂಥ ಊರುಗಳ ರಸ್ತೆಯ ಚರಿತ್ರೆ ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಸೀಮೆಯಲ್ಲಿ ಕಂಪನಿ ಕೊಟ್ಟ ಗಾಡಿಯನ್ನು ನೆಲಕ್ಕೆ ಒಗ್ಗಿಸಿಕೊಳ್ಳುವ ಕೆಲಸ ಜೀಪಿನ ಕಾಲದಿಂದಲೇ ನಡೆದು ಬಂದಿದೆ. ಆ ಕೆಲಸವನ್ನು ಅಳೆದದ್ದು ಮಾತ್ರ ಎಳೆತದಿಂದ, ಬಾಳಿಕೆಯಿಂದ. ಇಂದು ಟರ್ಬೊ ಕಾರಿಗೆ ಕೈಹಾಕುವವರು ಮೊದಲು ಕಲಿಯಬೇಕಾದ ಪಾಠ ಅಲ್ಲೇ ಇದೆ ಎಂಬುದು ನನ್ನ ವಾದ.

ಜೀಪು ಇಲ್ಲಿ ಬೇರೂರಿದ್ದಕ್ಕೆ ಕಾರಣ ನೆಲದಲ್ಲೇ ಇದೆ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವುದುಂಟು. ತೋಟ ಕಣಿವೆಯಲ್ಲಿ, ಮನೆ ಅದರ ಅಂಚಿನಲ್ಲಿ, ಟಾರು ರಸ್ತೆ ಇನ್ನೆಲ್ಲೋ. ನಡುವೆ ಇರುವುದು ಎರಡೂ ಬದಿಗೆ ಧರೆಯಿರುವ ಜಾರುವ ಮಣ್ಣುದಾರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ ಜೀಪುಗಳು ದೇಶದಲ್ಲಿ ಹರಡಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು. ಮುಂದೆ ಬಂದ ಸಿಜೆ-3ಬಿ ಜೀಪಿನಲ್ಲಿ 2.2 ಲೀಟರಿನ, 75 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಇತ್ತು. ಅದರ ನಿಜವಾದ ಬಲ ಗೇರಿನಲ್ಲಿತ್ತು. ಮೊದಲ ಗೇರು, ಲೋ ಗೇರು, ಆಕ್ಸಲ್ ಮೂರರ ಅನುಪಾತ ಗುಣಿಸಿದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಸುಮಾರು 37 ಸುತ್ತು ತಿರುಗುತ್ತಿತ್ತು. ಅಡಿಕೆ ಮೂಟೆ, ಗೊಬ್ಬರ, ರೋಗಿ, ಮದುವೆ ದಿಬ್ಬಣ ಎಲ್ಲವನ್ನೂ ಅದು ನಡಿಗೆಯ ವೇಗದಲ್ಲಿ ಏರು ಹತ್ತಿಸಿದ್ದು ಹೀಗೆ. ಕೊಡಚಾದ್ರಿಗೆ ಏರುವ ಜೀಪುಗಳು ಇಂದಿಗೂ ನೆಚ್ಚಿಕೊಂಡಿರುವುದು ಇದೇ ಗೇರಿನ ಬಲವನ್ನು.

1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ದುಬಾರಿಯಾಯಿತು. ಮಹೀಂದ್ರ ಕಂಪನಿಯೇ ಡೀಸೆಲ್ಲಿನತ್ತ ಹೊರಳಿ ಪ್ಯೂಜೊ ವಿನ್ಯಾಸದ 2.1 ಲೀಟರ್ ಎಂಜಿನ್ ತಂದಿತು. ಹಳೆಯ ಜೀಪುಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವ ಕಸುಬು ದೇಶದ ಗ್ಯಾರೇಜುಗಳಲ್ಲಿ ಬೆಳೆದದ್ದು ಹೀಗೆ. ಹೊಸ ಎಂಜಿನ್ನಿನ ಹಿಂಬದಿಗೂ ಹಳೆಯ ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೂ ಬೋಲ್ಟಿನ ತೂತು ಕೂಡುವುದಿಲ್ಲ. ಎರಡರ ನಡುವೆ ದಪ್ಪ ಕಬ್ಬಿಣದ ಪ್ಲೇಟು ಕಡಿದು ಕೂರಿಸಬೇಕು. ಅದರ ನಡು ಕೂದಲೆಳೆಯಷ್ಟು ತಪ್ಪಿದರೂ ಸಾಕು, ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಕೂಗತೊಡಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಡೀಸೆಲ್ ಎಂಜಿನ್ ಭಾರವಾದ್ದರಿಂದ ಮುಂದಿನ ಸ್ಪ್ರಿಂಗ್ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸಬೇಕು, ರೇಡಿಯೇಟರ್ ಸಾಲದಿದ್ದರೆ ಬದಲಿಸಬೇಕು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 75 ಅಶ್ವಶಕ್ತಿಯ ಎಂಜಿನ್ ಇಳಿಸಿ ಅರವತ್ತರ ಆಸುಪಾಸಿನದನ್ನು ಕೂರಿಸಿಕೊಂಡವರು ಅದನ್ನು ನಷ್ಟವೆಂದು ಎಣಿಸಲಿಲ್ಲ. ಖರ್ಚು ಇಳಿಯಿತು, ಏರಿನ ಕೆಲಸ ಗೇರಿನಿಂದ ನಡೆಯಿತು. ಅವರಿಗೆ ಸುಧಾರಣೆ ಎಂದರೆ ಗಾಡಿ ಈ ನೆಲದ ಕೆಲಸಕ್ಕೆ ಇನ್ನಷ್ಟು ಹೊಂದುವುದು.

ಟರ್ಬೊ ಹಳೆಯ ವಿದ್ಯೆಯೇ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಅದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅಮೆರಿಕದ ಕಾರುಗಳಿಗೆ ಅದು 1962ರಲ್ಲಿ ಬಂತು. ನಮ್ಮ ಊರುಗಳ ಮನೆ ಅಂಗಳಕ್ಕೆ ಅದನ್ನು ತಂದದ್ದು ಹೊಸ ತಲೆಮಾರಿನ ಡೀಸೆಲ್ ಕಾರುಗಳು. 2007ರ ಸ್ವಿಫ್ಟ್ ಡೀಸೆಲ್‌ನ 1248 ಸಿಸಿ ಎಂಜಿನ್ ನಿಮಿಷಕ್ಕೆ 2000 ಸುತ್ತಿನಲ್ಲಿ 190 ನ್ಯೂಟನ್ ಮೀಟರ್ ಎಳೆತ ಕೊಡುತ್ತಿತ್ತು. ಅದೇ 2000 ಸುತ್ತಿನಲ್ಲಿ ಹಳೆಯ ಜೀಪಿನ ದೊಡ್ಡ ಎಂಜಿನ್ ಕೊಟ್ಟದ್ದು ಸುಮಾರು 155. ಹೊರಹೋಗುವ ಹೊಗೆಯ ಬಲದಿಂದಲೇ ಚಕ್ರ ತಿರುಗಿಸಿ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗಿಸುವ ಟರ್ಬೊದ ಉಪಕಾರ ಅಷ್ಟು ದೊಡ್ಡದು. ಆದರೆ ಸುತ್ತು ಇಳಿದಾಗ ಆ ಗಾಳಿ ಇರುವುದಿಲ್ಲ, ಎಂಜಿನ್ ಮಂಕಾಗುತ್ತದೆ. ಹುಲಿಕಲ್ ಘಾಟಿಯ ಕಡಿದಾದ ತಿರುವಿನಲ್ಲಿ ಗಾಡಿ ಇರುವುದು ಅದೇ ಮಂಕಿನ ಜಾಗದಲ್ಲಿ. ದೊಡ್ಡ ಟರ್ಬೊ ಹಾಕಿದರೆ ಗಾಳಿ ಇನ್ನೂ ತಡವಾಗಿ ಬರುತ್ತದೆ. ಕಾಗದದ ಮೇಲೆ ಅಶ್ವಶಕ್ತಿ ಏರುತ್ತದೆ, ಏರಿನಲ್ಲಿ ಗಾಡಿ ಮೊದಲಿಗಿಂತ ಸೋಲುತ್ತದೆ.

ಜೀಪಿನವರದು ಬದುಕಿನ ಅಗತ್ಯ, ಕಾರಿನವರದು ಬರೀ ಸಂತೋಷ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನಬಹುದು. ಸಂತೋಷಕ್ಕೂ ಇಲ್ಲಿ ಗೌರವದ ಪರಂಪರೆ ಇದೆ: ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳು ಅದಕ್ಕೆ ಸಾಕ್ಷಿ. ಅಲ್ಲಿಯೂ ಗೆಲ್ಲಬೇಕಾದರೆ ಮೊದಲು ಗಾಡಿ ಕೊನೆಯವರೆಗೆ ಓಡಬೇಕು. ಇನ್ನೊಂದು ಆಕ್ಷೇಪ, ಈಗಿನ ಕಾರು ಕಂಪ್ಯೂಟರಿನ ಹಿಡಿತದಲ್ಲಿದೆ, ಸ್ಪ್ಯಾನರಿನ ಅನುಭವ ಅದಕ್ಕೆ ಸಲ್ಲದು ಎಂಬುದು. ಹಿಂದೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಿದ್ದರು, ಇಂದು ಲ್ಯಾಪ್‌ಟಾಪಿನಿಂದ ಹೆಚ್ಚಿಸುತ್ತಾರೆ. ಮಿತಿ ಮೀರಿದಾಗ ಬರುವ ಕಪ್ಪು ಹೊಗೆ, ಕಾಯುವ ಎಂಜಿನ್, ಜಾರುವ ಕ್ಲಚ್ ಎರಡೂ ಕಾಲದಲ್ಲಿ ಒಂದೇ.

ಕಾನೂನಿನ ಪ್ರಶ್ನೆ ಇವೆರಡಕ್ಕಿಂತ ಗಟ್ಟಿಯಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ 2000ದ ತಿದ್ದುಪಡಿಯ ನಂತರ ಬಿಗಿಯಾಯಿತು. ತಯಾರಕರ ಮೂಲ ವಿವರಣೆಗೆ ಹೊಂದದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಇಲ್ಲವೇ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ವಿಧಿಸಿದೆ. ಗ್ಯಾರೇಜಿನ ಜಾಣ್ಮೆಗೆ ಇದು ಕಟ್ಟು ಹಾಕಿದೆ ಎಂಬ ಕೊರಗು ನಿಜವೇ. ಆದರೆ ಕಿರಿದಾದ ಘಾಟಿಯಲ್ಲಿ ಎದುರಿಗೆ ಬರುವ ಬಸ್ಸಿನವರ ಜೀವವೂ ನಮ್ಮ ಬ್ರೇಕಿನ ಮೇಲೆ ನಿಂತಿದೆ. ಆದ್ದರಿಂದ ನಾನು ಕಾನೂನಿನ ಪರ.

ಹಾಗಾದರೆ ವಾರಾಂತ್ಯದ ಎರಡು ದಿನಕ್ಕೆ ಮಾಡಲು ಕೆಲಸವಿಲ್ಲವೇ? ಬೇಕಾದಷ್ಟಿದೆ. ಶನಿವಾರ ಬ್ರೇಕ್ ಪ್ಯಾಡ್ ನೋಡಿ ಹಳೆಯ ಬ್ರೇಕ್ ಆಯಿಲ್ ಬದಲಿಸಬೇಕು, ಟಯರಿನ ಹಲ್ಲು ಮಳೆಗೆ ಸಾಲುತ್ತದೆಯೇ ನೋಡಬೇಕು, ಕೂಲೆಂಟ್ ಬದಲಿಸಬೇಕು. ಭಾನುವಾರ ಇಂಟರ್‌ಕೂಲರಿನ ಪೈಪಿನಲ್ಲಿ ಗಾಳಿ ಸೋರುತ್ತಿದೆಯೇ ಹುಡುಕಬೇಕು, ಏರ್ ಫಿಲ್ಟರ್ ಹೊಸದು ಹಾಕಬೇಕು, ಟರ್ಬೊದ ಬೇರಿಂಗಿಗೆ ಒಳ್ಳೆಯ ಆಯಿಲ್ ಕೊಡಬೇಕು. ಒಂದೊಂದು ಕೆಲಸ ಮುಗಿದಾಗಲೂ ಗಾಡಿ ಓಡಿಸಿ ನೋಡಬೇಕು. ಕಂಪನಿ ಕೊಟ್ಟ ಎಳೆತದಲ್ಲಿ ವರ್ಷಗಳ ಬಳಕೆಯಿಂದ ಎಷ್ಟು ಸೋರಿಹೋಗಿತ್ತು ಎಂಬುದು ಆಗ ತಿಳಿಯುತ್ತದೆ. ಅದಕ್ಕೂ ಮಿಗಿಲಾದ ಶಕ್ತಿ ಬೇಕೆಂಬವರಿಗೆ ತಕ್ಕ ಜಾಗ ಸಾರ್ವಜನಿಕ ರಸ್ತೆಯಲ್ಲ, ರ‍್ಯಾಲಿಯ ಮುಚ್ಚಿದ ದಾರಿ. ಶಕ್ತಿ ಸೇರಿಸುವ ಮುಂಚೆ ಅದನ್ನು ತಡೆಯುವ, ತಂಪಾಗಿಡುವ, ಚಕ್ರಕ್ಕೆ ಮುಟ್ಟಿಸುವ ಭಾಗಗಳನ್ನು ಗಟ್ಟಿಮಾಡಿಕೊಂಡದ್ದರಿಂದಲೇ ಜೀಪುಗಳು ಇಷ್ಟು ಮಳೆಗಾಲ ದಾಟಿದವು. ಟರ್ಬೊ ಕಾರಿಗೂ ಇದೇ ಕ್ರಮ ಸಲ್ಲುತ್ತದೆ.